ಹುಣಸೆ ಬೀಜ, ಕಿನ್ನಾಳದ ಗೊಂಬೆ, ಗುಳೆ ಹೋದ ಕೂಸು: ಕೊಪ್ಪಳ ಸೀಮೆಯ ವಸಂತದ ಕಥೆ

ಇಯರ್‌ಫೋನ್ ಹಾಕ್ಕೊಂಡು ಗಂಗಾವತಿ ಬಸ್ಸಿನ್ಯಾಗ ಕೂತವರಿಗೂ, ಬೆಂಗಳೂರಿನ ಪಿಜಿ ರೂಮಿನಲ್ಲಿ ಮಲಗಿ ಕೇಳುತ್ತಿರೋ ನಮ್ಮ ಕಡೆಯ ಹುಡುಗ-ಹುಡುಗಿಯರಿಗೂ ಸ್ವಾಗತ.

ಯುಗಾದಿ ಹತ್ತಿರ ಬಂತಂದ್ರ ಫೋನಿನಲ್ಲಿ ಒಂದು ಥರದ ರೀಲ್ಸ್ ಶುರುವಾಗ್ತಾವ. ವಸಂತ ಋತುವಿನಲ್ಲಿ ಮಕ್ಕಳ ಜೊತೆ ಹೀಗೆ ಮಾಡಿ, ಹೂ ಆರಿಸಿ, ಬಣ್ಣ ಹಚ್ಚಿ, ಪಾರ್ಕಿಗೆ ಕರ್ಕೊಂಡು ಹೋಗಿ, ಮಗುವಿನ ಮೆದುಳು ಬೆಳೆಯುತ್ತೆ ಅಂತ. ಮಾತು ಸುಳ್ಳಲ್ಲ. ಆದ್ರ ನಮ್ಮ ಜಿಲ್ಲೆಯಲ್ಲಿ ವಸಂತ ಅಂದ್ರ ಏನು? ಗಂಗಾವತಿ ಕಡೆ ಎರಡನೇ ಬೆಳೆ ಭತ್ತ ತೆನೆ ಕಟ್ಟೋ ಕಾಲ. ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುವ ಕಾಲ. ಒಂದೇ ಜಿಲ್ಲೆ, ಒಂದೇ ಫಾಲ್ಗುಣ, ಒಂದೇ ಚೈತ್ರ. ಆದರೆ ಮೂರು ವರ್ಷದ ಕೂಸಿನ ಪಾಲಿಗೆ ಎರಡು ಬೇರೆ ಬೇರೆ ವಸಂತ. ಇದು ಯಾವಾಗಿಂದ ಹೀಗೆ ಅನ್ನೋದೇ ಇವತ್ತಿನ ಕಂತು.

ಹುಣಸೆ ಬೀಜದಿಂದ ಶುರು ಮಾಡೋಣ. ನಮ್ಮ ಕಡೆ ಹುಣಸೆ ಬಡಿಯೋದು ಶಿವರಾತ್ರಿ-ಯುಗಾದಿ ಆಸುಪಾಸಿನಲ್ಲಿ. ಹಣ್ಣು ಒಣಗಿಸಿ, ಕುಟ್ಟಿ, ಬೀಜ ಬೇರೆ ಮಾಡುವ ಕೆಲಸಕ್ಕೆ ಅಂಗಳದಲ್ಲಿ ಅಜ್ಜಿ, ಸೊಸೆ, ಮಕ್ಕಳು ಎಲ್ಲರೂ ಕೂರಬೇಕು. ಕೆಲಸ ಮುಗಿದ ಮೇಲೆ ಬೀಜ ಉಳಿಯುತ್ತೆ. ಬೀಜವನ್ನ ಎರಡು ಹೋಳು ಮಾಡಿ, ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡಿದ್ರೆ ಚೌಕಾಬಾರದ ದಾಳ ರೆಡಿ. ನೆಲಕ್ಕೆ ಸಾಲಾಗಿ ಗುಳಿ ತೋಡಿದ್ರೆ ಗುಳಿಮನಿ ಆಟ. ಪ್ರತಿ ಗುಳಿಗೆ ಇಷ್ಟು ಬೀಜ ಅಂತ ಹಂಚೋದು, ಮುಂದೆ ಸಾಗಿಸೋದು, ಗುಳಿ ಖಾಲಿ ಆದಾಗ ಏನಾಗುತ್ತೆ ಅಂತ ಮೊದಲೇ ಲೆಕ್ಕ ಹಾಕೋದು. ನಾನು ಬಿ.ಕಾಂ ಓದಿದವನು. ಡೆಬಿಟ್, ಕ್ರೆಡಿಟ್ ಅನ್ನೋದನ್ನ ಇದಕ್ಕಿಂತ ಸುಲಭವಾಗಿ ಯಾರೂ ಕಲಿಸಲಾರರು.

ಈ ಆಟಗಳ ವಯಸ್ಸು ನೋಡಬೇಕಂದ್ರ ತುಂಗಭದ್ರೆ ದಾಟಿ ಹಂಪಿಗೆ ಹೋಗ್ರಿ. ಗುಡಿಗಳ ಮಂಟಪದ ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನ ಕೊರೆದಿದ್ದಾರೆ: ಹುಲಿ-ಕುರಿ ಆಟದ ಗೆರೆಗಳು, ಸಾಲು ಗುಳಿಗಳು. ಎಲ್ಲರೂ ತಲೆ ಎತ್ತಿ ಕಂಬದ ಫೋಟೋ ತೆಗೀತಾರೆ, ಕಾಲ ಕೆಳಗಿನ ಇತಿಹಾಸ ಯಾರ ಕಣ್ಣಿಗೂ ಬೀಳಂಗಿಲ್ಲ. ಯಾರು ಕೊರೆದರು, ಯಾವ ಬಿಡುವಿನಲ್ಲಿ ಕೊರೆದರು ಅಂತ ಯಾವ ಶಾಸನವೂ ಹೇಳಲ್ಲ. ಅರಸರ ಬಗ್ಗೆ ಬರೆದಷ್ಟು ಆಟದ ಬಗ್ಗೆ ಯಾರು ಬರೀತಾರೆ?

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡ್ತೀನಿ, ಮರೆತರೆ ಕಷ್ಟ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಹುಣಸೆ ಬೀಜ, ಕವಡಿ, ಗೋಲಿ ಕೊಡಬೇಡ್ರಿ. ಗಂಟಲಿಗೆ ಸಿಕ್ಕರೆ ಜೀವಕ್ಕೆ ಅಪಾಯ. ಆ ವಯಸ್ಸಿನವರಿಗೆ ಚಮಚ, ಡಬ್ಬಿ, ದೊಡ್ಡ ಬಟ್ಟೆ ಗೊಂಬಿ ಸಾಕು.

ಅದೇ ಹುಣಸೆ ಬೀಜಕ್ಕೆ ಇನ್ನೊಂದು ದಾರಿ ಇತ್ತು, ಕಿನ್ನಾಳದ ದಾರಿ. ಕೊಪ್ಪಳ ತಾಲ್ಲೂಕಿನ ಈ ಊರಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆ ಮಾಡೋದು ನಿಮಗೆ ಗೊತ್ತಿರುತ್ತೆ. ಆ ಗೊಂಬೆಯ ಭಾಗಗಳನ್ನ ಅಂಟಿಸೋದು ಹುಣಸೆ ಬೀಜದ ಸರಿಯಿಂದ. ಸೆಣಬಿನ ಚಿಂದಿಯನ್ನ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಬೀಜದ ಸರಿ ಬೆರೆಸಿದರೆ ‘ಕಿಟ್ಟ’ ಆಗುತ್ತೆ. ಅದನ್ನ ಕೈಯಿಂದಲೇ ಗೊಂಬೆಯ ಮೈಗೆಲ್ಲ ಬಳಿದು, ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಹಚ್ಚಿ, ಆಮೇಲೆ ಬಣ್ಣ. ಒಂದು ಗರುಡನಿಗೆ 12 ಬಿಡಿ ಭಾಗ, ಸಿಂಹಾಸನದ ಮೇಲೆ ಕೂತ ಗಣಪನಿಗೆ 22. ಹಂಪಿ ವಿರೂಪಾಕ್ಷ ಗುಡಿಯ ಬಣ್ಣದ ಚಿತ್ರ ಬಿಡಿಸಿದವರು ಈ ಮನೆತನಗಳ ಹಿರಿಯರೇ ಅನ್ನೋ ನಂಬಿಕೆ ಊರಿನಲ್ಲಿದೆ.

ದೇವರ ಮೂರ್ತಿ ಒಂದು ಕಡೆ ಇರಲಿ. ಅವರು ದನ, ಹಕ್ಕಿ, ಹಣ್ಣು, ಬೇರೆ ಬೇರೆ ಕಸುಬಿನ ಜನರ ಗೊಂಬೆಗಳನ್ನೂ ಮಾಡಿದರು. ಕೂಸು ಅದನ್ನ ಹಿಡ್ಕೊಂಡು ‘ಇದು ಏನು? ಇವ ಏನ್ ಮಾಡ್ತಾನ?’ ಅಂತ ಕೇಳುತ್ತೆ, ದೊಡ್ಡವರು ಉತ್ತರ ಕೊಡ್ತಾರೆ. ಇವತ್ತು ತಜ್ಞರು ಮಕ್ಕಳ ಭಾಷಾ ಬೆಳವಣಿಗೆಗೆ ಬೇಕು ಅನ್ನೋದು ಹೆಚ್ಚುಕಮ್ಮಿ ಇದನ್ನೇ: ಮಗು ಏನೋ ತೋರಿಸಬೇಕು, ದೊಡ್ಡವರು ತಿರುಗಿ ಮಾತಾಡಬೇಕು. ಗೊಂಬೆ ಅದಕ್ಕೊಂದು ನೆಪ. ಈಗ ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿ ಸಿಕ್ಕಿದೆ, ಒಳ್ಳೇದು. ಆದರೆ ಗೊಂಬೆ ಕೂಸಿನ ಕೈಯಿಂದ ಶೋಕೇಸಿಗೆ ಹೋಯ್ತು. ಮುಟ್ಟಿದರೆ ಬೈಗುಳ.

ಈಗ ಇತಿಹಾಸದ ಗಟ್ಟಿ ಭಾಗ. ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕೊಪ್ಪಳ ಸಾಲಾರ್‌ಜಂಗರ ಜಾಗೀರು. ಶಾಲೆಗಳೇ ಕಡಿಮೆ, ಇದ್ದಲ್ಲಿ ಉರ್ದು ಮಾಧ್ಯಮ. ಆರು ವರ್ಷದೊಳಗಿನ ಮಗುವಿನ ಬಗ್ಗೆ ಸರ್ಕಾರ ಯೋಚಿಸಬೇಕು ಅನ್ನೋ ಕಲ್ಪನೆಯೇ ಇರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಈ ನಡುವೆ 1953 ಅನ್ನೋ ವರ್ಷ ಐತಲ್ಲ, ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

1953ರಲ್ಲಿ ಎರಡು ಕೆಲಸ ಆದವು. ಮುನಿರಾಬಾದಿನ ಹತ್ತಿರ ತುಂಗಭದ್ರಾ ಅಣೆಕಟ್ಟು ತಯಾರಾಯ್ತು. ಅದೇ ವರ್ಷ ಆಗಸ್ಟಿನಲ್ಲಿ, ದೂರದ ದೆಹಲಿಯಲ್ಲಿ, ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಶುರುವಾಯ್ತು. ಹಳ್ಳಿಗಳ ಬಾಲವಾಡಿಗಳಿಗೆ ದುಡ್ಡು ಕೊಡಲು ಆರಂಭಿಸಿದ್ದು ಈ ಮಂಡಳಿ. ಒಂದು ನೀರಿನ ಕಥೆ, ಇನ್ನೊಂದು ಮಕ್ಕಳ ಕಥೆ. ಕೊಪ್ಪಳದ ಕೂಸಿನ ಮೇಲೆ ಎರಡರಲ್ಲಿ ಯಾವುದರ ಪ್ರಭಾವ ಜಾಸ್ತಿ ಅಂದ್ರ, ನನ್ನ ಲೆಕ್ಕದಲ್ಲಿ ನೀರಿಂದೇ.

ಎಡದಂಡೆ ಕಾಲುವೆ ಗಂಗಾವತಿಯನ್ನ ಭತ್ತದ ಕಣಜ ಮಾಡಿತು. ಆನೆಗುಂದಿ ಸುತ್ತ ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ದವು ನಿಜ, ಆದರೆ ಈ ಪ್ರಮಾಣ ಬೇರೆ. ಆಂಧ್ರದಿಂದ ರೈತರು ಬಂದು ನೆಲೆಸಿದರು, ‘ಕ್ಯಾಂಪ್’ಗಳು ಹುಟ್ಟಿದವು. ಕಾಲುವೆಯಲ್ಲಿ ನೀರಿದ್ದರೆ ಚೈತ್ರದಲ್ಲೂ ಊರಿನಲ್ಲೇ ಕೆಲಸ. ಊರಿನಲ್ಲೇ ಕೆಲಸ ಅಂದ್ರ ಅಪ್ಪ-ಅವ್ವ ರಾತ್ರಿ ಮನೆಯಲ್ಲೇ, ಕೂಸು ಅಜ್ಜಿ ಹತ್ರ, ಅಂಗನವಾಡಿ ಓಣಿಯಲ್ಲೇ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರೂ ಟಿಎಂಸಿ ಲೆಕ್ಕ ಹೇಳಿದರು. ಅದರೊಳಗೆ ಎಷ್ಟು ಮಕ್ಕಳ ಯುಗಾದಿ ಕೂತಿತ್ತು ಅಂತ ಯಾರೂ ಕೇಳಲಿಲ್ಲ.

ಕುಷ್ಟಗಿ, ಯಲಬುರ್ಗಾಕ್ಕೆ ಆ ನೀರು ಬರಲಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಇವೆರಡೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಹಿಂಗಾರಿ ಕಡಲೆ, ಬಿಳಿಜೋಳ ಮನೆಗೆ ಬಂದ ಮೇಲೆ ಹೊಲದಲ್ಲಿ ಕೆಲಸ ಇಲ್ಲ. ಬೆಂಗಳೂರು, ಮಂಗಳೂರು, ಗೋವಾ, ಎಲ್ಲಿ ಕಟ್ಟಡ ಏಳುತ್ತೋ ಅಲ್ಲಿಗೆ ಹೊರಡಬೇಕು. ಮುಂಗಾರಿಗೆ ಮುಂಚೆ ವಾಪಸ್. ದೊಡ್ಡ ಮಕ್ಕಳನ್ನ ಶಾಲೆ ಇದೆ ಅಂತ ಅಜ್ಜ-ಅಜ್ಜಿ ಹತ್ರ ಬಿಡ್ತಾರೆ. ಎದೆಹಾಲು ಕುಡಿಯೋ ಕೂಸನ್ನ, ಎರಡು-ಮೂರು ವರ್ಷದ್ದನ್ನ ಬಿಡೋಕಾಗಲ್ಲ. ಅಂದ್ರೆ ಯಾವ ವಯಸ್ಸಿನಲ್ಲಿ ಮೆದುಳು ಅತಿ ವೇಗವಾಗಿ ಬೆಳೆಯುತ್ತೋ ಆ ವಯಸ್ಸಿನವರೇ ಮರಳು, ಸಿಮೆಂಟು, ಕಬ್ಬಿಣದ ಸರಳಿನ ನಡುವೆ ವಸಂತ ಕಳೀತಾರೆ.

ಅಂಗನವಾಡಿ ಅನ್ನೋ ಯೋಚನೆ ಹುಟ್ಟಿದ್ದೇ ಇಂಥ ಮಕ್ಕಳಿಗಾಗಿ ಅನ್ನೋದು ನನಗೆ ಈ ಕಂತಿನ ತಯಾರಿಯಲ್ಲಿ ಸಿಕ್ಕ ಅತ್ಯಂತ ಒಳ್ಳೆ ಸಂಗತಿ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಆಮೇಲೆ ಮಹಾರಾಷ್ಟ್ರದ ಬೋರ್ಡಿಗೆ, ಅಲ್ಲಿಂದ ಕೋಸ್ಬಾಡದ ಆದಿವಾಸಿ ಹಾಡಿಗಳಿಗೆ ಹೋದರು, ಜೊತೆಗೆ ಅನುತಾಯಿ ವಾಘ್. ಮಕ್ಕಳು ಶಾಲೆಗೆ ಬರ್ತಿರಲಿಲ್ಲ, ಇವರೇ ಹಾಡಿಯ ಅಂಗಳಕ್ಕೆ ಹೋಗಿ ಕಾಯಿ, ಎಲೆ, ಬೀಜ, ಕಲ್ಲು ಇಟ್ಕೊಂಡು ಆಡಿಸಿದರು. ಅಂಗಳದ ವಾಡಿ, ಅಂಗನವಾಡಿ. ದನ ಕಾಯೋ ಮಕ್ಕಳಿಗೆ ಹುಲ್ಲುಗಾವಲಲ್ಲೇ ಪಾಠ. ಸರ್ಕಾರ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಐಸಿಡಿಎಸ್ ಶುರು ಮಾಡಿತು. ಕರ್ನಾಟಕದಲ್ಲಿ ಮೊದಲು ಸಿಕ್ಕಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಕಾವೇರಿ-ಕಪಿಲಾ ಕೂಡೋ ಊರು, ಅಲ್ಲೂ ನೀರು! ನಗಬೇಡ್ರಿ.

ತಾರಾಬಾಯಿಯವರ ಅಂಗನವಾಡಿ ಮಗುವಿನ ಹಿಂದೆ ಹೋಗ್ತಿತ್ತು. ಸರ್ಕಾರಿ ಅಂಗನವಾಡಿ ಒಂದು ಕಟ್ಟಡದಲ್ಲಿ, ಒಂದು ಹಾಜರಿ ಪುಸ್ತಕದಲ್ಲಿ ಕೂತಿತು. ಮಗು ಗುಳೆ ಹೋದರೆ ಪುಸ್ತಕದಲ್ಲಿ ಗೈರು, ಅಷ್ಟೇ. ಇದರಲ್ಲಿ ಕಾರ್ಯಕರ್ತೆಯರ ತಪ್ಪೇನೂ ಕಾಣಲ್ಲ. ಅವರ ತಲೆ ಮೇಲೆ ಮೊಟ್ಟೆ, ಹಾಲು, ತೂಕ, ಸಮೀಕ್ಷೆ, ಫೋನಿನ ಆ್ಯಪ್, ಚುನಾವಣೆ ಕೆಲಸ ಎಲ್ಲ ಹೇರಿದ್ದಾರೆ.

‘ಆಟಕ್ಕೇನು ಇಷ್ಟು ತಲೆ ಕೆಡಿಸ್ಕೋತೀಯಪಾ, ಊಟ ಸಿಕ್ಕರೆ ಸಾಕು’ ಅನ್ನೋರಿಗೆ ಜಮೈಕಾದ ಕಥೆ ಹೇಳ್ತೀನಿ. 1980ರ ದಶಕದಲ್ಲಿ ಕಿಂಗ್‌ಸ್ಟನ್ನಿನ ಬಡ ಓಣಿಗಳಲ್ಲಿ, ಸಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಕುಂಠಿತ ಬೆಳವಣಿಗೆಯ 129 ಮಕ್ಕಳನ್ನ ಆರಿಸ್ಕೊಂಡಿತು. ಕೆಲವರಿಗೆ ಪೌಷ್ಟಿಕ ಆಹಾರ. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆ ಇಟ್ಕೊಂಡು ತಾಯಿ-ಮಗುವನ್ನ ಆಡಿಸ್ತಿದ್ದಳು. 20 ವರ್ಷ ಬಿಟ್ಟು ಅದೇ ಮಕ್ಕಳನ್ನ ಹುಡುಕಿ ನೋಡಿದರು. 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆಟ ಸಿಕ್ಕವರ ದುಡಿಮೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚು. ಬರೀ ಆಹಾರ ಸಿಕ್ಕವರಲ್ಲಿ ಆ ಜಿಗಿತ ಕಾಣಲಿಲ್ಲ. ಊಟ ಬೇಡ ಅಂತ ಅರ್ಥ ಅಲ್ಲ, ಊಟದ ಜೊತೆ ಮಾತು-ಆಟ ಬೇಕು ಅಂತ.

ಹಾಗಾದ್ರೆ ಗುಳೆ ಹೋದ ಕೂಸಿಗೆ ಏನೂ ಇಲ್ವಾ? ಕಾಗದದ ಮೇಲೆ ಐತಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಪ್ರಕಾರ 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯೋ ಕಡೆ, ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಅಂತಿತ್ತು. ಈಗ ಗುತ್ತಿಗೆದಾರನ ಲೆಕ್ಕ ನೋಡ್ರಿ: ಒಂದೊಂದು ಸಣ್ಣ ಸೈಟಿಗೆ ಹತ್ತಿಪ್ಪತ್ತು ಜನ. 50 ದಾಟೋದು ಯಾವಾಗ? 1969ರಲ್ಲೇ ಮೀರಾ ಮಹಾದೇವನ್ ದೆಹಲಿಯಲ್ಲಿ ಕಟ್ಟಡದ ಸೈಟಿನಲ್ಲೇ ಮಕ್ಕಳಿಗೆ ಟೆಂಟು ಹಾಕಿ ‘ಮೊಬೈಲ್ ಕ್ರೆಶಸ್’ ಶುರು ಮಾಡಿದ್ದರು. ದಾರಿ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಊರಲ್ಲೇ ಉಳಿದವರಿಗೆ 2005ರ ಉದ್ಯೋಗ ಖಾತ್ರಿ ಕಾಯ್ದೆ ಇನ್ನೊಂದು ನಿಯಮ ತಂತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಒಬ್ಬ ಹೆಣ್ಣುಮಗಳನ್ನ ಕೂಲಿ ಕೊಟ್ಟು ಅವರನ್ನ ನೋಡಿಕೊಳ್ಳೋಕೆ ನೇಮಿಸಬೇಕು ಅಂತ ಅದರಲ್ಲಿತ್ತು. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಮಾಡ್ತೀವಿ ಅಂತು. ಹೆಸರು ಚಂದ ಇಟ್ಟಾರ. ನಿಮ್ಮ ಪಂಚಾಯಿತಿಯಲ್ಲಿ ಅದರ ಬಾಗಿಲು ಮಾರ್ಚಿನಲ್ಲಿ ತೆರೆದಿರುತ್ತಾ ಅಂತ ಹೋಗಿ ನೋಡಬೇಕು. ಗುಳೆ ನಿಲ್ಲಬೇಕಾದ್ದು ಆ ತಿಂಗಳಲ್ಲೇ.

ಇನ್ನು ಗೊಂಬೆಯ ಹೊಸ ಕಥೆ. ಭಾನಾಪುರದ ಹತ್ತಿರ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಬಂದಿದೆ, ಏಕಸ್ ಕಂಪನಿಯದು. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನ ಶೇ 20ರಿಂದ 60ಕ್ಕೆ ಏರಿಸಿತು, 2023ರಲ್ಲಿ 70. 2021ರ ಜನವರಿ 1ರಿಂದ ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಿ ಇರೋ ಗೊಂಬೆಗಳಿಗೂ ಅದರಿಂದ ವಿನಾಯಿತಿ ಕೊಟ್ಟರು, ಆದ್ದರಿಂದ ಕಿನ್ನಾಳ ಉಳೀತು. ಕ್ಲಸ್ಟರಿನಿಂದ ಊರಿನಲ್ಲೇ ಸಂಬಳ ಸಿಕ್ಕರೆ ಅದೂ ಗುಳೆಗೆ ಒಂದು ಉತ್ತರವೇ, ನಾನು ಅದರ ವಿರೋಧಿ ಅಲ್ಲ. ಆದರೆ ಜಗತ್ತಿನ ಮಕ್ಕಳಿಗೆ ಆಟಿಕೆ ಕಳಿಸೋ ಜಿಲ್ಲೆಯ ಅಂಗನವಾಡಿಯಲ್ಲಿ ಆಟಿಕೆ ಪೆಟ್ಟಿಗೆ ತುಂಬಿದೆಯಾ ಅಂತ ಕೇಳೋ ಹಕ್ಕು ನಮಗಿದೆ.

ಕೊನೆಗೆ ಎರಡು ಕೆಲಸದ ಮಾತು. ನಿಮ್ಮ ಅಕ್ಕನೋ, ಅತ್ತಿಗೆಯೋ ಈ ಸಲ ದುಡಿಯೋಕೆ ಹೊರಟಿದ್ದರೆ ತಾಯಿ ಕಾರ್ಡು ಮತ್ತು ಮಗುವಿನ ಆಧಾರ್ ಬ್ಯಾಗಿಗೆ ಹಾಕಿಸ್ರಿ. ಹೋದ ಊರಿನ ಅಂಗನವಾಡಿಗೆ ಮಗುವನ್ನ ಸೇರಿಸಿ ಅಂತ ಕೇಳಬಹುದು. 40 ಮಕ್ಕಳಿರೋ ವಸತಿಗೆ ಅಂಗನವಾಡಿ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲೇ ಹೇಳಿದೆ. ಬೆಂಗಳೂರಿನಲ್ಲಿರೋ ಕೇಳುಗರೇ, ಕನ್ನಡ ಬಲ್ಲ ನೀವು ಅಂಥ ಒಂದು ಶೆಡ್ಡಿನ ಸಾಲಿಗೆ ಅರ್ಜಿ ಬರೆದುಕೊಟ್ಟರೆ ಅರ್ಧ ದಿನದ ಕೆಲಸ.

ಹಾಂ, ಇನ್ನೊಂದು. ಹುಣಸೆ ಬೀಜದ ಆಟಕ್ಕೆ ನಿಮ್ಮೂರಲ್ಲಿ ಏನಂತಾರೆ? ಅಜ್ಜಿಯ ಬಾಯಲ್ಲೇ ಹೇಳಿಸಿ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಕಂತು ಮಣ್ಣೆತ್ತಿನ ಅಮಾವಾಸ್ಯೆ ಬಗ್ಗೆ.