ಕನ್ನಡ ನಾಡಿನ ಕುದುರೆಯೂ ಅಶ್ವವೈದ್ಯವೂ

ಕುದುರೆಯು ನಮ್ಮ ದಕ್ಷಿಣದ ನೆಲಕ್ಕೆ ಸುಲಭವಾಗಿ ಒಗ್ಗಿದ ಪ್ರಾಣಿಯಲ್ಲ. ಆದರೂ ಇಲ್ಲಿಯ ರಾಜ್ಯಗಳ ಅಳಿವು ಉಳಿವುಗಳು ಬಹುಕಾಲ ಅದರ ಬೆನ್ನನ್ನೇ ನಂಬಿದ್ದುವು. ವಿಜಯನಗರದ ಅರಸರಿಗಾಗಿ ಅರಬ್ಬೀ ಕುದುರೆಗಳು ಹೊರ್ಮುಜಿನಿಂದ ಕಡಲಮಾರ್ಗವಾಗಿ ಗೋವೆ, ಭಟಕಳ ಮೊದಲಾದ ರೇವುಗಳಲ್ಲಿ ಬಂದಿಳಿಯುತ್ತಿದ್ದುವು. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು ಈ ವ್ಯಾಪಾರವನ್ನು ಕೈವಶ ಮಾಡಿಕೊಳ್ಳಲೆಳಸಿದುದು ಅದರ ಬೆಲೆಯನ್ನರಿತೇ. ಪೋರ್ಚುಗೀಸ ನೂನಿಜನು ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಆತನ ಹೇಳಿಕೆ.

ಇಷ್ಟು ಹೊನ್ನು ಸುರಿದು ತಂದ ಪ್ರಾಣಿಯು ಇಲ್ಲಿ ಬಾಳುತ್ತಿತ್ತೆ? 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅರಸನೊಬ್ಬನು ಎರಡು ಸಾವಿರಕ್ಕೂ ಮಿಕ್ಕಿ ಕುದುರೆಗಳನ್ನು ಕೊಂಡರೂ ವರ್ಷಾಂತ್ಯಕ್ಕೆ ನೂರು ಕೂಡ ಉಳಿಯವೆಂದೂ, ಪಾಲನೆಯನ್ನು ಬಲ್ಲವರಿಲ್ಲದುದೇ ಅದಕ್ಕೆ ಕಾರಣವೆಂದೂ, ಬೇಯಿಸಿದ ಅನ್ನಮಾಂಸಗಳನ್ನು ಅವಕ್ಕೆ ತಿನ್ನಿಸುತ್ತಿದ್ದರೆಂದೂ ಹೇಳಿದ್ದಾನೆ. ಪ್ರವಾಸಿಯ ಮಾತಿನಲ್ಲಿ ಅತಿಶಯವಿರಬಹುದು. ಆದರೆ ತಪ್ಪು ಮೇವು ಕುದುರೆಗೆ ಮೃತ್ಯುವೆಂಬುದು ನಿಜ. ಅದರ ಜಠರ ಮೈಗೆ ಹೋಲಿಸಿದರೆ ಚಿಕ್ಕದು. ಅದು ವಾಂತಿ ಮಾಡಲಾರದು. ದಿನವಿಡೀ ಸ್ವಲ್ಪಸ್ವಲ್ಪವಾಗಿ ಹುಲ್ಲು ಮೇಯುವಂತೆ ಅದರ ದೇಹರಚನೆ. ಒಮ್ಮೆಗೇ ಕಾಳು ಹೆಚ್ಚಾದರೆ ಹೊಟ್ಟೆಶೂಲೆ ಹುಟ್ಟುವುದು. ಗೊರಸಿನೊಳಗೆ ಉರಿಯೂತವಾಗಿ ಕುದುರೆ ಕಾಲೂರಲಾರದಾಗುವುದು.

ಹಾಗಾದರೆ ನಮ್ಮಲ್ಲಿ ವಿದ್ಯೆ ಇರಲಿಲ್ಲವೆ? ಇದ್ದಿತು. ಶಾಲಿಹೋತ್ರನ ಹೆಸರಿನ ಪರಂಪರೆ ಪುರಾತನವಾದುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1129ರ ‘ಮಾನಸೋಲ್ಲಾಸ’ದಲ್ಲಿ ಅಶ್ವದ ವಿಷಯವನ್ನೂ ವಿವರಿಸಿದ್ದಾನೆ. ಆದರೆ ಇವು ಸಂಸ್ಕೃತ ಗ್ರಂಥಗಳು. ಲಾಯದಲ್ಲಿ ಹುರುಳಿ ಬೇಯಿಸುವವನಿಗೂ ಗೊರಸು ತೊಳೆಯುವವನಿಗೂ ಅವು ಎಟುಕುವುದೆಂತು? ಆದುದರಿಂದಲೇ ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡದಲ್ಲಿ ರಚಿಸಿದುದನ್ನು ನಾವು ಮಹತ್ಕಾರ್ಯವೆಂದು ಎಣಿಸುತ್ತೇವೆ. 12ನೆಯ ಶತಮಾನದಲ್ಲಿಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಕನ್ನಡ ‘ಗೋವೈದ್ಯ’ವನ್ನು ಬರೆದು ಈ ದಾರಿಯನ್ನು ತೆರೆದಿದ್ದನು. ಕನ್ನಡವು ಕಾವ್ಯಕ್ಕೆ ಸರಿ, ಶಾಸ್ತ್ರಕ್ಕೆ ಸಾಲದು ಎಂಬವರಿಗೆ ಇವೇ ಉತ್ತರ.

ನಮ್ಮ ಹೊಸೂರು ಸೀಮೆಗೂ ಈ ಚರಿತ್ರೆಯಲ್ಲಿ ಪಾಲುಂಟು. 1824ರಲ್ಲಿ ಮತ್ತಿಗಿರಿಯಲ್ಲಿ ಸೈನ್ಯದ ಕುದುರೆಗಳಿಗಾಗಿ ಠಾಣ್ಯವೊಂದು ಏರ್ಪಟ್ಟಿತು. ಮುಂದೆ ಅದೇ ದನಗಳ ಕ್ಷೇತ್ರವಾಯಿತು. ಲಾಯ, ಲಾಳ, ಜೀನು, ಕಡಿವಾಣಗಳೆಂಬ ಮಾತುಗಳು ಇನ್ನೂ ಹಿರಿಯರ ಬಾಯಲ್ಲಿವೆ. ಆ ಮಾತುಗಳನ್ನು ಕೇಳಿ ಬರೆದಿಡುವವರು ಬೇಕು. ಗಡಿಯಾಚೆ ನಿಂತ ನಮಗೆ ಅಚ್ಚಾದ ಪುಸ್ತಕಗಳೇ ದುರ್ಲಭ. ಹಾಗಿರಲು ಮನೆಯ ಅಟ್ಟದ ಓಲೆಗರಿಗಳನ್ನು ಗೆದ್ದಲಿಗೆ ಬಿಡಬಹುದೆ? ನವರಾತ್ರಿಯಲ್ಲಿ ಅರಿಸಿನ ಕುಂಕುಮವಿಟ್ಟು ಪೂಜಿಸುವ ಕಟ್ಟುಗಳನ್ನು ವಾಚಕ ಮಹಾಶಯರು ಈ ಸಲ ಬಿಚ್ಚಿ, ಓದಬಲ್ಲವರಿಗೆ ತೋರಿಸಬೇಕೆಂದು ನಮ್ಮ ಬಿನ್ನಹ.