ಕೈತೋಟದ ಗುಲಾಬಿಯಲ್ಲಿ ಶಿಲೀಂಧ್ರ ರೋಗಗಳ ಹತೋಟಿ

ಗುಲಾಬಿ ಗಿಡಗಳನ್ನು ಬಾಧಿಸುವ ಶಿಲೀಂಧ್ರ ರೋಗಗಳಲ್ಲಿ ಕಪ್ಪು ಚುಕ್ಕೆ ರೋಗ, ಬೂದಿ ರೋಗ ಹಾಗೂ ತುದಿ ಒಣಗುವ ರೋಗ ಮುಖ್ಯವಾದವು. ಕೈತೋಟಗಳಲ್ಲಿ ಎಲ್ಲಕ್ಕೂ ಒಂದೇ ಔಷಧಿ ಸಿಂಪಡಿಸುವ ರೂಢಿಯಿದ್ದು, ಇದರಿಂದ ಹಣ ವ್ಯರ್ಥವಾಗುವುದಲ್ಲದೆ ಗಿಡವೂ ಕೈತಪ್ಪಬಹುದು. ಆದ್ದರಿಂದ ಮೊದಲು ರೋಗವನ್ನು ಗುರುತಿಸುವುದು ಅವಶ್ಯಕ.

ಕಪ್ಪು ಚುಕ್ಕೆ ರೋಗ: ಇದು ಡಿಪ್ಲೋಕಾರ್ಪನ್ ರೋಸೇ ಎಂಬ ಶಿಲೀಂಧ್ರದಿಂದ ಬರುತ್ತದೆ. ಎಲೆಗಳ ಮೇಲೆ ದುಂಡನೆಯ, ಅಂಚು ಅಸ್ಪಷ್ಟವಾದ ಕಪ್ಪು ಚುಕ್ಕೆಗಳು ಮೂಡಿ, ಸುತ್ತಲಿನ ಭಾಗ ಹಳದಿಯಾಗಿ ಎಲೆ ಉದುರುತ್ತದೆ. ಎಲೆಯು ಸುಮಾರು 7 ಗಂಟೆಗಳ ಕಾಲ ಒದ್ದೆಯಾಗಿ ಉಳಿದಾಗ ಸೋಂಕು ತಗಲುತ್ತದೆ. ಮಳೆಗಾಲದಲ್ಲಿ ಇದನ್ನು ತಪ್ಪಿಸುವುದು ಕಷ್ಟ. ಆದರೆ ಬೇಸಿಗೆಯಲ್ಲಿಯೂ ರೋಗ ಕಾಣಿಸಿದರೆ ಸಂಜೆ ಗಿಡದ ತಲೆಯ ಮೇಲೆ ನೀರು ಹಾಯಿಸುವುದೇ ಕಾರಣವಾಗಿರಬಹುದು. ಬೆಳಿಗ್ಗೆ ಬುಡಕ್ಕೆ ಮಾತ್ರ ನೀರುಣಿಸಬೇಕು. ಉದುರಿದ ಎಲೆಗಳಲ್ಲಿ ಶಿಲೀಂಧ್ರ ಉಳಿದುಕೊಳ್ಳುವುದರಿಂದ ಅವುಗಳನ್ನು ಆರಿಸಿ ನಾಶಪಡಿಸಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಇಷ್ಟನ್ನು ಮಾಡದೆ ಕೇವಲ ಔಷಧಿ ಸಿಂಪಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಬಾಧೆ ತೀವ್ರವಾದಲ್ಲಿ ಪ್ರತಿ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಬಹುದು.

ಬೂದಿ ರೋಗ: ಎಳೆಯ ಚಿಗುರು, ಮೊಗ್ಗು ಹಾಗೂ ಹೂವಿನ ತೊಟ್ಟಿನ ಮೇಲೆ ಬಿಳಿ ಪುಡಿ ಉದುರಿಸಿದಂತೆ ಕಾಣುತ್ತದೆ, ಎಲೆಗಳು ಮುದುಡುತ್ತವೆ. ಈ ಶಿಲೀಂಧ್ರ ಮೊಳೆಯಲು ಎಲೆಯ ಮೇಲೆ ನೀರಿನ ಪಸೆ ಬೇಕಿಲ್ಲ. ಹಗಲು ಒಣಹವೆ, ರಾತ್ರಿ ತಂಪು ಇರುವ ಚಳಿಗಾಲ ಇದಕ್ಕೆ ಅನುಕೂಲಕರ. ಪ್ರತಿ ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಹಾಕಿ ಸಿಂಪಡಿಸಬೇಕು. ಬಿರುಬಿಸಿಲಿನಲ್ಲಿ ಗಂಧಕ ಸಿಂಪಡಿಸಿದರೆ ಎಲೆ ಸುಡುತ್ತದೆ. ಹಳೆಯ ಕೈಪಿಡಿಗಳಲ್ಲಿ ಈ ರೋಗಕ್ಕೆ ಸೂಚಿಸಲಾಗುತ್ತಿದ್ದ ಡೈನೋಕ್ಯಾಪ್ ಅನ್ನು ಕೇಂದ್ರ ಸರ್ಕಾರವು 2023ರಲ್ಲಿ ನಿಷೇಧಿಸಿದ್ದು, ಮನೆಯಲ್ಲಿ ಉಳಿದಿದ್ದರೂ ಬಳಸಬಾರದು.

ತುದಿ ಒಣಗುವ ರೋಗ: ಮೂರರಲ್ಲಿ ಗಿಡವನ್ನೇ ಕೊಲ್ಲುವುದು ಇದು. ಸಾಮಾನ್ಯವಾಗಿ ಚಾಟನಿ ಮಾಡಿದ ಗಾಯದಿಂದ ಪ್ರಾರಂಭವಾಗಿ, ಕೊಂಬೆಯು ಕಪ್ಪಾಗುತ್ತಾ ಕೆಳಮುಖವಾಗಿ ಒಣಗುತ್ತದೆ. ಮಾರಾಟಕ್ಕೆ ಬರುವ ಗುಲಾಬಿಗಳಲ್ಲಿ ಹೆಚ್ಚಿನವು ಕಸಿ ಗಿಡಗಳು. ಒಣಗು ಕಸಿಯ ಗಂಟನ್ನು ತಲುಪಿದರೆ ಮೆಚ್ಚಿ ತಂದ ತಳಿ ಸಂಪೂರ್ಣ ನಾಶವಾಗಿ, ಬುಡದಿಂದ ಬೇರುಗಿಡದ ಚಿಗುರು ಮಾತ್ರ ಏಳುತ್ತದೆ. ಹಾಗಾಗಿ ತಡಮಾಡದೆ, ಒಣಗಿದ ಭಾಗಕ್ಕಿಂತ ಸುಮಾರು 5 ಸೆಂ.ಮೀ. ಕೆಳಗೆ, ಒಳಭಾಗ ಬಿಳಿ-ಹಸಿರಾಗಿ ಕಾಣುವಲ್ಲಿ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಲೇಪಿಸಬೇಕು. ಒಂದು ಗಿಡ ಮುಗಿಸಿ ಮತ್ತೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಬೇಕು.

ಔಷಧಿ ಸಿಂಪಡಿಸಿದ ಗಿಡದ ದಳಗಳನ್ನು ಗುಲ್ಕಂದ್ ಅಥವಾ ಇತರ ತಿನಿಸುಗಳಿಗೆ ಉಪಯೋಗಿಸಬಾರದು. ಸಿಂಪಡಿಸುವಾಗ ಕೈಗವಸು ಧರಿಸಿ, ಮೂಗು-ಬಾಯಿಗೆ ಮುಸುಕು ಕಟ್ಟಿಕೊಳ್ಳಬೇಕು. ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಬಾರದು.