ಅಂತಾರಾಷ್ಟ್ರೀಯ ಆರೋಗ್ಯ ಬೋಧನೆ

ರೋಗ, ಔಷಧ ಮತ್ತು ಆರೋಗ್ಯ ನೀತಿ ದೇಶಗಳ ಗಡಿ ದಾಟುವ ಬಗೆಯನ್ನು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ವಿಷಯ. ಭಾರತದ ಎಂಬಿಬಿಎಸ್ ವ್ಯಾಸಂಗದಲ್ಲಿ ಇದು ಸಮುದಾಯ ವೈದ್ಯಶಾಸ್ತ್ರದ ಒಂದು ಭಾಗ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳ ರಚನೆಯನ್ನು ಬಾಯಿಪಾಠ ಮಾಡಿಸಿ ಮುಗಿಸಿದರೆ ವಿಷಯದ ಜೀವವೇ ಹೋಗುತ್ತದೆ.

ಇದರ ಬೆಲೆ ಅರಿಯಲು ಉತ್ತರ ಕರ್ನಾಟಕದಲ್ಲೇ ನಿದರ್ಶನವಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರ ಜೊತೆಗೂಡಿ 2002–05ರಲ್ಲಿ ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರಲ್ಲಿ ಒಂದು ಪ್ರಯೋಗ ನಡೆಸಿತು. ಹೆರಿಗೆಯಾದೊಡನೆ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಕೊಟ್ಟವರು ತಜ್ಞ ವೈದ್ಯರಲ್ಲ, ಊರೂರು ತಿರುಗುವ ಆರೋಗ್ಯ ಸಹಾಯಕಿಯರು. ಹೆರಿಗೆ ನಂತರದ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಈ ರಕ್ತಸ್ರಾವ ತಡೆಯಲು ಸಾಮಾನ್ಯವಾಗಿ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು. ಈ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಫಲಿತಾಂಶ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜ್ಞಾನ ಹೊರಗಿನಿಂದ ಹಳ್ಳಿಗೆ ಬರುವುದಷ್ಟೇ ಅಲ್ಲ, ಹಳ್ಳಿಯಿಂದ ಜಗತ್ತಿಗೂ ಹೋಗುತ್ತದೆ ಎಂಬುದನ್ನು ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಇಲ್ಲಿಯೇ.

ಧಾರವಾಡ ಜಿಲ್ಲೆ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರುಗಳು ಈ ಪಾಠಕ್ಕೆ ತಕ್ಕ ನೆಲ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ. ಬಾಣಂತಿಯ ರಕ್ತಹೀನತೆ, ಹಾವು ಕಡಿತ, ಕ್ಷಯ, ಇವು ಆಫ್ರಿಕದ ಹಳ್ಳಿಗಳನ್ನೂ ಕಾಡುವ ತೊಂದರೆಗಳು. ಮಿಶ್ರಿಕೋಟಿಯ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ಬಾಣಂತಿಯ ಮಾತು ಕೇಳಿದ ವಿದ್ಯಾರ್ಥಿಗೆ ಆಫ್ರಿಕದ ಮಲಾವಿಯ ತಾಯಿಯ ಕಷ್ಟ ದೂರದ್ದೆನಿಸದು.